ಅಪ್ಪನ ಕಾರಿನ ನಡುಕ

ಪಟ್ಟಂ ಜಂಕ್ಷನ್ನಿನ ಸಿಗ್ನಲ್ಲಿನಲ್ಲಿ ಕಾರು ನಿಂತರೆ ಸಾಕು, ಅಮ್ಮ ಡ್ಯಾಶ್‌ಬೋರ್ಡಿಗೆ ಕೈ ಊರುತ್ತಿದ್ದಳು. "ಸೊಂಟ ಹೋಗ್ತದೆ ಮಾರಾಯ, ಇನ್ನು ಇದನ್ನು ಕೊಟ್ಟುಬಿಡು" ಎಂದಳು ಒಂದು ದಿನ. ಅಪ್ಪ ಕಾಸರಗೋಡಿನಲ್ಲಿ ಕೊಂಡ, ಕೆಎಲ್-14 ನಂಬರಿನ ಮಾರುತಿ 800 ಅದು. ಅಪ್ಪ ಹೋದ ಮೇಲೆ ನಾನು ತಿರುವನಂತಪುರಕ್ಕೆ ತಂದಿದ್ದೆ. ಮಾರುವ ಮೊದಲು ಒಮ್ಮೆ ನೋಡೋಣವೆಂದು ಬಾನೆಟ್ ಎತ್ತಿದೆ.

796 ಸಿಸಿಯ ಮೂರು ಸಿಲಿಂಡರಿನ ಎಂಜಿನ್ ಹುಟ್ಟಿನಿಂದಲೇ ನಡುಗುವಂಥದ್ದು. ಆ ನಡುಕ ಬಾಡಿಗೆ ದಾಟದಂತೆ ತಡೆಯುವುದು ಮೌಂಟಿನ ರಬ್ಬರು. ವರ್ಷಗಟ್ಟಲೆ ಬಿಸಿ ಮತ್ತು ಎಣ್ಣೆ ತಾಗಿದರೆ ಅದು ಗಟ್ಟಿಯಾಗುತ್ತದೆ, ಬಿರಿಯುತ್ತದೆ, ಕುಸಿಯುತ್ತದೆ. ದೇಶದ ಸಹಜ ರಬ್ಬರಿನ ದೊಡ್ಡ ಪಾಲು ಬೆಳೆಯುವ ರಾಜ್ಯದಲ್ಲೇ ನನ್ನ ಕಾರಿಗೆ ರಬ್ಬರಿನ ಬರ!

ಹೊಸ ಮೌಂಟುಗಳನ್ನು ಚಾಲೆ ಬಜಾರಿನಿಂದ ತಂದೆ. ಭಾನುವಾರ ಬೆಳಿಗ್ಗೆ, ಎಂಜಿನ್ ತಣ್ಣಗಿರುವಾಗ, ಚಕ್ರಗಳಿಗೆ ಕಲ್ಲು ಕೊಟ್ಟು ಬ್ಯಾಟರಿಯ ನೆಗೆಟಿವ್ ಬಿಚ್ಚಿದೆ. ಆಯಿಲ್ ಸಂಪಿನ ಕೆಳಗೆ ಅಗಲದ ಹಲಗೆ ಇಟ್ಟು ಜಾಕಿಯನ್ನು ಎಂಜಿನ್ನಿನ ಭಾರ ಹೊರುವಷ್ಟೇ ಏರಿಸಿದೆ. ಹಲಗೆ ಇಲ್ಲದಿದ್ದರೆ ಸಂಪು ತಗ್ಗಾಗುತ್ತದೆ. ಬರೀ ಜಾಕಿಯ ಮೇಲೆ ನಿಂತ ಕಾರಿನಡಿಗೆ ತಲೆ ಹಾಕಬಾರದು. ಎಲ್ಲ ಮೌಂಟುಗಳನ್ನೂ ಒಮ್ಮೆಗೇ ಬಿಚ್ಚಬಾರದು. ಒಂದು ಕೂತ ಮೇಲೆ ಇನ್ನೊಂದು. ಬೋಲ್ಟುಗಳನ್ನು ಕೈಯಲ್ಲೇ ತಿರುಗಿಸಿ ಬಿಟ್ಟು, ಎಂಜಿನ್ ತನ್ನ ಭಾರದಲ್ಲಿ ಕೂತ ಮೇಲೆ ಬಿಗಿಯಬೇಕು. ಇಲ್ಲದಿದ್ದರೆ ಹೊಸ ರಬ್ಬರು ತಿರುಚಿಕೊಂಡೇ ಇರುತ್ತದೆ.

ಎರಡನೆಯ ಮೌಂಟು ಕೈಗೆ ಬಂದಾಗ ಅದರ ಬಿರುಕಿನಲ್ಲಿ ಏನೋ ತುರುಕಿತ್ತು. ಎಳೆದು ನೋಡಿದರೆ ಸೈಕಲ್ ಟ್ಯೂಬಿನ ತುಂಡು, ಮಡಚಿ ಬೈಂಡಿಂಗ್ ವಯರಿನಲ್ಲಿ ಬಿಗಿದದ್ದು. ಆ ಗಂಟು ಅಪ್ಪನದೇ. ತೋಟದ ಪೈಪಿಗೂ ಹಾಗೆಯೇ ಕಟ್ಟುತ್ತಿದ್ದ.

ಸಿಗ್ನಲ್ಲಿನಲ್ಲಿ ನಿಂತಾಗಲೂ ಅಪ್ಪ ಆಕ್ಸಿಲರೇಟರಿನ ಮೇಲೆ ಕಾಲು ಇಟ್ಟಿರುತ್ತಿದ್ದ. "ಸುಮ್ಮನೆ ಪೆಟ್ರೋಲು ಸುಡ್ತೀಯಲ್ಲ ಅಪ್ಪ" ಎಂದು ನಾನೇ ಜಗಳ ತೆಗೆದದ್ದುಂಟು. ಎಂಜಿನ್ನಿನ ಓಟ ತುಸು ಏರಿದರೆ ನಡುಕ ತಗ್ಗುತ್ತದೆ. ಪಕ್ಕದ ಸೀಟಿನಲ್ಲಿ ಯಾವಾಗಲೂ ಅಮ್ಮನೇ ಇರುತ್ತಿದ್ದಳು.

ಟ್ಯೂಬನ್ನು ಅಮ್ಮನಿಗೆ ತೋರಿಸಿದೆ. ತಿರುಗಿಸಿ ನೋಡಿ, "ನಿನ್ನ ಕಾಲೇಜಿನ ಫೀಸು ಕಟ್ಟಿದ ವರ್ಷದ್ದಾಗಿರಬೇಕು" ಎಂದಳು. ಮತ್ತೇನೂ ಹೇಳಲಿಲ್ಲ.

ಸಂಜೆ ಅದೇ ಸಿಗ್ನಲ್ಲಿನಲ್ಲಿ ನಿಂತೆವು. ಅಮ್ಮನ ಕೈ ಮಡಿಲಲ್ಲೇ ಇತ್ತು.

"ಇನ್ನೂ ಸ್ವಲ್ಪ ಉಂಟು" ಎಂದಳು.

"ಮೂರು ಸಿಲಿಂಡರಮ್ಮ, ಅಷ್ಟು ಇರ್ತದೆ."

"ಇರಲಿ ಬಿಡು."

ಹದಿನೈದು ವರ್ಷ ದಾಟಿದ ಕಾರಿಗೆ ಐದೈದು ವರ್ಷಕ್ಕೊಮ್ಮೆ ನೋಂದಣಿ ನವೀಕರಿಸಬೇಕು. ಈ ಸಲದ ಅರ್ಜಿ ತುಂಬಿ ಇಟ್ಟಿದ್ದೇನೆ.