ಯಂತ್ರದ ಮರೆವು

ಮನುಷ್ಯನು ನಿದ್ದೆಯಿಂದೆದ್ದೊಡನೆ ತಾನಾರು, ಎಲ್ಲಿರುವೆನು, ಹೊತ್ತೆಷ್ಟಾಯಿತು ಎಂಬುದನ್ನು ಅರೆಗಳಿಗೆಯಲ್ಲಿ ನೆನಪಿಗೆ ತಂದುಕೊಳ್ಳುತ್ತಾನೆ. ಆ ನೆನಪು ಬಾರದ ದಿನ ಅವನ ವಿದ್ಯೆ, ಐಶ್ವರ್ಯ, ಬಂಧುಬಳಗ ಎಲ್ಲವೂ ಇದ್ದೂ ಇಲ್ಲದಂತೆಯೇ ಸರಿ. ಗಣಕಯಂತ್ರಕ್ಕೂ ಇಂತಹ ಎಚ್ಚರದ ಗಳಿಗೆಯೊಂದುಂಟು. ಗುಂಡಿ ಒತ್ತಿದ ಕೂಡಲೆ ತನ್ನ ಅಂಗಾಂಗಗಳನ್ನು ತಡವಿ ನೋಡಿ, ಕಾಲವನ್ನು ತಿಳಿದುಕೊಂಡು, ಇನ್ನು ಯಾರಿಗೆ ಕಾರ್ಯಭಾರವನ್ನು ಒಪ್ಪಿಸಬೇಕೆಂದು ನಿರ್ಣಯಿಸುವ ಆ ಮೊದಲ ವ್ಯವಸ್ಥೆಗೆ ಬಯಾಸ್ ಎಂದು ಹೆಸರು. ಅದು ಕೆಲಸ ಮಾಡುವಷ್ಟು ದಿನ ಅದನ್ನು ನೆನೆಯುವವರಿಲ್ಲ.

ಮಲೆನಾಡಿನ ಹಳ್ಳಿಯೊಂದರಲ್ಲಿ ನಿವೃತ್ತ ಮಾಸ್ತರರೊಬ್ಬರಿದ್ದಾರೆ. ಅವರು ೨೦೧೦ರಲ್ಲಿ ಒಂದು ಗಣಕವನ್ನು ಕೊಂಡರು. ಅವರ ಪತ್ನಿಯು ಹಸೆಗೆ ಕರೆಯುವ ಹಾಡು, ಆರತಿಯ ಹಾಡು, ತೊಟ್ಟಿಲ ಹಾಡು ಎಂದು ನೂರಕ್ಕೆ ಮೇಲ್ಪಟ್ಟು ಬಲ್ಲವರು. ಮಾಸ್ತರರು ಒಂದೊಂದನ್ನೂ ಆಕೆಯ ಕಂಠದಲ್ಲಿಯೇ ಮುದ್ರಿಸಿಕೊಂಡು ಗಣಕದಲ್ಲಿಟ್ಟರು. ೨೦೧೫ರಲ್ಲಿ ಆಕೆ ತೀರಿಕೊಂಡರು. ಅಂದಿನಿಂದ ಸಂಜೆ ದೀಪ ಹಚ್ಚಿದ ಮೇಲೆ ಒಂದು ಹಾಡನ್ನು ಕೇಳುವುದು ಅವರ ನಿತ್ಯವಿಧಿಯಾಯಿತು. ಹಾಡುಗಳಿಗೆ ಬೇರೆ ಪ್ರತಿ ಮಾಡಿಡಬೇಕೆಂಬುದು ಅವರಿಗೆ ಹೊಳೆಯಲಿಲ್ಲ. ಪೆಟ್ಟಿಗೆಯಲ್ಲಿಟ್ಟದ್ದು ಪೆಟ್ಟಿಗೆಯಲ್ಲಿಯೇ ಇರುವುದೆಂದು ನಂಬಿದ್ದರು.

೨೦೧೭ರ ಮಳೆಗಾಲದಲ್ಲಿ ಗಣಕದ ಗಡಿಯಾರ ಹಿಂದೆ ಬೀಳತೊಡಗಿತು. ಮಾಸ್ತರರು ದಿನವೂ ತಿದ್ದುತ್ತಿದ್ದರು. ಒಂದು ಸಂಜೆ ಗುಂಡಿ ಒತ್ತಲು, ನೆನಪಿನ ಲೆಕ್ಕ ತಪ್ಪಿದೆ, ಕಾರ್ಖಾನೆಯ ಮೂಲ ಏರ್ಪಾಡನ್ನೇ ಹಿಡಿಯಲಾಗಿದೆ ಎಂಬ ಅರ್ಥದ ಇಂಗ್ಲಿಷ್ ಸಾಲೊಂದು ಕಾಣಿಸಿತು. ಬಳಿಕ ವಿಂಡೋಸ್‌ನ ಚಿಹ್ನೆ ಮೂಡಿ, ನೀಲಿಯ ತೆರೆಯೊಂದು ಮಿಂಚಿ, ಯಂತ್ರ ಮತ್ತೆ ಮೊದಲಿನಿಂದ ಆರಂಭವಾಯಿತು. ಎಷ್ಟು ಸಾರಿ ಮಾಡಿದರೂ ಅದೇ ಕಥೆ. ಪಟ್ಟಣದ ಅಂಗಡಿಯವರು ನೋಡಿ, "ಡಿಸ್ಕು ಹೋಗಿದೆ ಸಾರ್, ಎಲ್ಲವನ್ನೂ ಅಳಿಸಿ ಹೊಸದಾಗಿ ಹಾಕಬೇಕು" ಎಂದರು. ಮಾಸ್ತರರು ಮರುಮಾತಾಡದೆ ಯಂತ್ರವನ್ನು ಹೊತ್ತು ಮನೆಗೆ ಬಂದರು. ಆ ರಾತ್ರಿ ಅವರು ಊಟ ಮಾಡಲಿಲ್ಲ.

ರಜೆಗೆಂದು ಬಂದ ಮೊಮ್ಮಗಳು ಸಂಗತಿಯನ್ನು ಕೇಳಿ, "ಅಜ್ಜಯ್ಯ, ಅಳಿಸುವುದು ಯಾವಾಗಲೂ ಇದ್ದೇ ಇದೆ. ಮೊದಲು ನೋಡೋಣ" ಎಂದಳು. ಯಂತ್ರವನ್ನು ಹೊತ್ತಿಸಿದ ಕೂಡಲೆ ಡಿಲೀಟ್ ಕೀಲಿಯನ್ನು ಮೇಲಿಂದ ಮೇಲೆ ಒತ್ತಿದಳು. ಕೆಲವು ಯಂತ್ರಗಳಲ್ಲಿ ಈ ಬಾಗಿಲಿಗೆ ಎಫ್ ೨ ಎಂಬ ಕೀಲಿ. ಅಕ್ಷರಗಳಿಂದಲೇ ತುಂಬಿದ ಬಯಾಸಿನ ಪುಟ ತೆರೆಯಿತು. ದಿನಾಂಕದ ಎಡೆಯಲ್ಲಿ ೨೦೦೯ರ ಜನವರಿ ೧ ಎಂದಿತ್ತು. ಅದರ ಕೆಳಗೆ ಡಿಸ್ಕಿನ ಹೆಸರೂ ಅಳತೆಯೂ ಸ್ಪಷ್ಟವಾಗಿದ್ದವು.

"ಕರೆದರೆ ಓಗೊಡುತ್ತಿದೆ, ಅಜ್ಜಯ್ಯ. ಸತ್ತದ್ದು ಹೀಗೆ ಹೆಸರು ಹೇಳುವುದು ಅಪರೂಪ" ಎಂದಳು ಹುಡುಗಿ.

ಹಾಗಾದರೆ ಕೆಟ್ಟದ್ದೇನು? ಇದನ್ನು ತಿಳಿಯಲು ತುಸು ಹಿಂದಕ್ಕೆ ಹೋಗಬೇಕು. ಬಯಾಸ್ ಎಂಬ ಹೆಸರು ೧೯೭೦ರ ದಶಕದಲ್ಲಿ ಅಮೆರಿಕದ ಗ್ಯಾರಿ ಕಿಲ್ಡಾಲ್ ಎಂಬವರು ರಚಿಸಿದ ಸಿ.ಪಿ.ಎಂ. ಎಂಬ ಕಾರ್ಯವ್ಯವಸ್ಥೆಯಿಂದ ಬಂದುದು. ೧೯೮೧ರ ಐ.ಬಿ.ಎಂ. ಗಣಕದಲ್ಲಿ ಏರ್ಪಾಡುಗಳನ್ನು ಮಾಡಬೇಕಾದರೆ ಪೆಟ್ಟಿಗೆಯನ್ನು ಬಿಚ್ಚಿ ಸಣ್ಣ ಸಣ್ಣ ಸ್ವಿಚ್ಚುಗಳನ್ನು ತಿರುವಬೇಕಾಗಿತ್ತು. ೧೯೮೪ರಲ್ಲಿ ಅದೇ ಸಂಸ್ಥೆಯ ಎ.ಟಿ. ಎಂಬ ಯಂತ್ರ ಬಂದಾಗ, ಆ ಏರ್ಪಾಡುಗಳನ್ನೂ ಗಡಿಯಾರವನ್ನೂ ಬ್ಯಾಟರಿಯ ಬಲದಿಂದ ನೆನಪಿಡುವ ಸೀಮಾಸ್ ಎಂಬ ಪುಟ್ಟ ಸ್ಮೃತಿಕೋಶ ಅದರಲ್ಲಿತ್ತು. ಮಾಸ್ತರರ ಗಣಕದಲ್ಲಿಯೂ ನಾಣ್ಯದಂತಹ ಒಂದು ಬ್ಯಾಟರಿಯುಂಟು. ಅದರ ಹೆಸರು ಸಿ.ಆರ್. ೨೦೩೨: ಅಡ್ಡಳತೆ ೨೦ ಮಿಲಿಮೀಟರು, ದಪ್ಪ ೩.೨ ಮಿಲಿಮೀಟರು, ಬಲ ೩ ವೋಲ್ಟು. ಗೋಡೆಯ ವಿದ್ಯುತ್ತು ಬರುತ್ತಿರುವವರೆಗೆ ಯಂತ್ರ ಆರಿದ್ದರೂ ಈ ಬ್ಯಾಟರಿಗೆ ಹೆಚ್ಚು ಭಾರವಿಲ್ಲ. ಮಾಸ್ತರರಾದರೋ ಸಿಡಿಲಿನ ಭಯದಿಂದ ಏಳು ವರ್ಷವೂ ರಾತ್ರಿ ರಾತ್ರಿ ಪ್ಲಗ್ಗನ್ನು ಕಿತ್ತಿಡುತ್ತಿದ್ದರು. ಅವರ ಎಚ್ಚರವೇ ಬ್ಯಾಟರಿಯನ್ನು ಬೇಗ ಸವೆಸಿತ್ತು.

ಬ್ಯಾಟರಿ ಬಿದ್ದುಹೋಗಲು ಏರ್ಪಾಡುಗಳೆಲ್ಲ ಮರೆತುಹೋದುವು. ಅವುಗಳಲ್ಲಿ ಒಂದು ಮುಖ್ಯವಾದುದು: ಡಿಸ್ಕಿನೊಡನೆ ಯಾವ ರೀತಿಯಲ್ಲಿ ಮಾತಾಡಬೇಕೆಂಬುದು. ಐ.ಡಿ.ಇ. ಎಂಬುದು ಹಳೆಯ ರೀತಿ, ಎ.ಎಚ್.ಸಿ.ಐ. ಎಂಬುದು ಹೊಸದು. ವಿಂಡೋಸನ್ನು ಒಂದು ರೀತಿಯಲ್ಲಿ ಸ್ಥಾಪಿಸಿ ಇನ್ನೊಂದರಲ್ಲಿ ಎಬ್ಬಿಸಹೋದರೆ ಅದು ತನ್ನ ಮನೆಯ ಬಾಗಿಲನ್ನೇ ಕಾಣದೆ ನಿಂತುಬಿಡುವುದುಂಟು. ಈಗ ಪುಟದಲ್ಲಿ ಐ.ಡಿ.ಇ. ಎಂದಿತ್ತು. ಮೊದಲು ಏನಿತ್ತೆಂಬುದನ್ನು ಯಾರು ಹೇಳಬೇಕು?

ಮಾಸ್ತರರು ಎದ್ದುಹೋಗಿ ಹಳೆಯ ಟಿಪ್ಪಣಿ ಪುಸ್ತಕವೊಂದನ್ನು ತಂದರು. ಗಣಕ ಬಂದ ದಿನದ ಪುಟದಲ್ಲಿ, ಅಡಕೆಯ ಧಾರಣೆಯ ಕೆಳಗೆ, ಅವರದೇ ದುಂಡು ಅಕ್ಷರದಲ್ಲಿ, "ಬಂದವರು ಐ.ಡಿ.ಇ. ತೆಗೆದು ಎ.ಎಚ್.ಸಿ.ಐ. ಇಟ್ಟರು. ಕಾರಣ ತಿಳಿಯಲಿಲ್ಲ" ಎಂದಿತ್ತು.

ಹುಡುಗಿ ಪ್ಲಗ್ಗು ಕಿತ್ತು, ಪೆಟ್ಟಿಗೆ ಬಿಚ್ಚಿ, ಹೊಸ ಬ್ಯಾಟರಿಯನ್ನು ಕೂರಿಸಿದಳು. ಬಯಾಸಿಗೆ ಮರಳಿ ಮೊದಲು ದಿನಾಂಕವನ್ನು ತಿದ್ದಿದಳು. ದಿನಾಂಕ ತಪ್ಪಿದ ಯಂತ್ರದಲ್ಲಿ ಬ್ಯಾಂಕಿನ ಪುಟಗಳೂ ತೆರೆಯವು, ಏಕೆಂದರೆ ಅವುಗಳ ಪ್ರಮಾಣಪತ್ರಗಳಿಗೆ ಅವಧಿಯುಂಟು. ಬಳಿಕ ಏಳುವ ಸರದಿಯಲ್ಲಿ ಡಿಸ್ಕೇ ಮೊದಲಿರುವುದನ್ನು ನೋಡಿಕೊಂಡಳು. ಕಡೆಗೆ ಆ ಒಂದು ಸಾಲನ್ನು ಎ.ಎಚ್.ಸಿ.ಐ.ಗೆ ತಂದಳು. ವೋಲ್ಟು, ವೇಗ ಮೊದಲಾದವುಗಳ ಗೊಡವೆಗೆ ಹೋಗಲಿಲ್ಲ.

"ತಪ್ಪಿದರೆ?" ಎಂದರು ಮಾಸ್ತರರು.

"ತಪ್ಪಿದರೆ ಮತ್ತೆ ಹಿಂದಕ್ಕಿಡುವುದು, ಅಜ್ಜಯ್ಯ. ಇಲ್ಲಿ ಬದಲಾಯಿಸುವುದು ದಾರಿಯನ್ನು ಮಾತ್ರ, ಡಿಸ್ಕಿನಲ್ಲಿರುವ ಹಾಡನ್ನಲ್ಲ. ಏನಾದರೂ ತಿಳಿಯದೆ ಒತ್ತಿದರೆ, ಉಳಿಸದೆ ಹೊರಗೆ ಬಂದರಾಯಿತು."

ಎಫ್ ೧೦ ಒತ್ತಿ ಉಳಿಸಿ ಹೊರಬಂದಳು. ಚಿಹ್ನೆ ಮೂಡಿತು. ನೀಲಿಯ ತೆರೆ ಬರಲಿಲ್ಲ. ಮೂಡಿದುದು ಮಾಸ್ತರರ ಮನೆಯಂಗಳದ ಹಳೆಯ ಚಿತ್ರ.

ಆ ಸಂಜೆ ಯಾವ ಹಾಡನ್ನು ಹಾಕಬೇಕೆಂದು ಹುಡುಗಿ ಕೇಳಲು, ಮಾಸ್ತರರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಮೊದಲು ಪ್ರತಿ ಮಾಡು ಮಗೂ, ಕೇಳುವುದು ಆಮೇಲೆ" ಎಂದರು. ಪ್ರತಿಗಳೆರಡಾದುವು: ಒಂದು ಮನೆಯ ಕಪಾಟಿನಲ್ಲಿ, ಇನ್ನೊಂದು ಮಗಳ ಮನೆಯಲ್ಲಿ. ಬಳಿಕ ತೊಟ್ಟಿಲ ಹಾಡು ಕೇಳಿಸಿತು. ನಡುವೆ ಆಕೆ ಒಮ್ಮೆ ಕೆಮ್ಮಿ, "ಇರಿ, ಮತ್ತೆ ಹೇಳುತ್ತೇನೆ" ಎಂದದ್ದೂ ಇತ್ತು.

ಈಚಿನ ಗಣಕಗಳಲ್ಲಿ ಬಯಾಸಿನ ಎಡೆಗೆ ಯು.ಇ.ಎಫ್.ಐ. ಎಂಬುದು ಬಂದಿದೆ. ಪುಟಗಳ ಅಂದ ಬೇರೆ, ಜನರ ಬಾಯಲ್ಲಿ ಹೆಸರು ಮಾತ್ರ ಬಯಾಸೇ. ಮಾಸ್ತರರು ಈಗ ಸಿಡಿಲಿನ ದಿನಗಳಲ್ಲಿ ಮಾತ್ರ ಪ್ಲಗ್ಗನ್ನು ಕೀಳುತ್ತಾರೆ. ಟಿಪ್ಪಣಿ ಪುಸ್ತಕದಲ್ಲಿ ಹೊಸ ಬ್ಯಾಟರಿ ಹಾಕಿದ ತಾರೀಖಿದೆ. ಅದರ ಕೆಳಗೆ, ಹಳೆಯ ಸಾಲಿಗೆ ಉತ್ತರವಾಗಿ, "ಕಾರಣ ತಿಳಿಯಿತು" ಎಂದು ಬರೆದಿದ್ದಾರೆ.