ಪಟ್ಟಿಯಲ್ಲಿ ಬಿಟ್ಟುಹೋದ ಒಂದು ಸಾಲು

ಈ ಕಡೆ ತಲೆ ಹಾಕಿ ಬಹಳ ದಿನ ಆಯ್ತು. ಇವತ್ತು ಒಂದು ತಪ್ಪೊಪ್ಪಿಗೆ ಬರೆಯೋಣ ಅಂತ ಕೂತಿದ್ದೇನೆ. ಸ್ವಲ್ಪ ಟೆಕ್ನಿಕಲ್ ವಿಷಯ, ಸಹಿಸಿಕೊಳ್ಳಿ :)

ಹೋದ ಮಳೆಗಾಲದಲ್ಲಿ ಮಚ್ಛೆ ಇಂಡಸ್ಟ್ರಿಯಲ್ ಏರಿಯಾದ ಒಂದು ಕಾರ್ಖಾನೆಯಲ್ಲಿ ನೆಟ್‌ವರ್ಕ್ ಕೆಲಸ ಇತ್ತು. ಅಲ್ಲಿನ ಕ್ಯಾಮೆರಾಗಳ ವಿಡಿಯೋ ಹೋಗೋದು ಮಲ್ಟಿಕಾಸ್ಟ್‌ನಲ್ಲಿ. ಹಾಗಂದ್ರೆ? ಇದೇ ಮಚ್ಛೆಯಲ್ಲಿ ವಿಟಿಯು ಇದೆಯಲ್ಲ, ಅದು ಹಿಂದೆ ಇಸ್ರೋದ ಎಜುಸ್ಯಾಟ್ ಯೋಜನೆಯಲ್ಲಿ ಉಪಗ್ರಹದ ಮೂಲಕ ಪಾಠ ಕಳಿಸ್ತಿತ್ತು. ಆ ಉಪಗ್ರಹ ಹಾರಿದ್ದು 2004ರಲ್ಲಿ. ಒಬ್ಬರು ಒಮ್ಮೆ ಪಾಠ ಮಾಡಿದ್ರೆ ಹತ್ತಾರು ಕಾಲೇಜಿಗೆ ಮುಟ್ಟುತ್ತೆ. ಮಲ್ಟಿಕಾಸ್ಟೂ ಹಾಗೇ. ಆದ್ರೆ ಆಕಾಶದಿಂದ ಬರೋದು ಎಲ್ಲರ ಮೇಲೂ ಬೀಳುತ್ತೆ, ಇಲ್ಲಿ "ನನಗೂ ಬೇಕು" ಅಂತ ಕೇಳಿದವರಿಗೆ ಮಾತ್ರ. ಹಾಗೆ ಕೇಳೋ ಭಾಷೆಗೆ ಐಜಿಎಂಪಿ ಅಂತ ಹೆಸರು. 1980ರ ದಶಕದಿಂದ ಇದೆ.

ತೊಂದರೆ ಏನಂದ್ರೆ, ಯಾರು ಕೇಳಿದ್ರೂ ಸಿಗುತ್ತೆ. ಆಫೀಸಿನಲ್ಲಿ ಯಾರೋ ಎಲ್ಲಾ ಕ್ಯಾಮೆರಾ ಒಟ್ಟಿಗೆ ತೆಗೆದು ಕೂರ್ತಿದ್ರು, ಲೈನ್ ಕಟ್ಟಿಕೊಳ್ತಿತ್ತು. ಅದಕ್ಕೆ ನಾನು ಸ್ವಿಚ್‌ನಲ್ಲಿ ಆಕ್ಸೆಸ್ ಲಿಸ್ಟ್ ಬರೆದೆ. ಆಫೀಸಿನ ಕಡೆಯವರು 239.10.1.1ರಿಂದ 239.10.1.8ರವರೆಗಿನ ಗುಂಪುಗಳನ್ನು ಮಾತ್ರ ಸೇರಬಹುದು. ಇಂಥ ಪಟ್ಟಿಗಳ ಕೊನೆಗೆ ಕಣ್ಣಿಗೆ ಕಾಣದ ಒಂದು ಸಾಲು ಇರುತ್ತೆ: ಮೇಲೆ ಹೇಳದ್ದೆಲ್ಲ ನಿಷಿದ್ಧ.

ಹಾಕಿ ನೋಡಿದೆ. ಬೇಕಾದ ಚಿತ್ರ ಎಲ್ಲ ಓಡ್ತಾ ಇದ್ವು. ಗೇಟಿನ ಕೋಣೆಗೂ ಇಣುಕಿದೆ, ಅಲ್ಲೂ ಸರಿ ಇತ್ತು. ಖುಷಿಯಾಗಿ ಖಾನಾಪುರದ ಬಸ್ ಹಿಡಿದೆ.

ಬೆಳಿಗ್ಗೆ ಬಂದ್ರೆ ವಾಚ್‌ಮನ್ ಕಾಕಾ ತೊಯ್ದು ತೊಪ್ಪೆಯಾಗಿ ಗೇಟಿನಲ್ಲಿ ನಿಂತಿದ್ದಾರೆ!

"ಯಾಕ್ರಿ ಕಾಕಾ, ಒಳಗ ಕೂಡಬಾರ್ದಾ?"

"ನೀವು ಹ್ವಾದ ಸ್ವಲ್ಪ ಹೊತ್ತಿಗೆ ಟಿವ್ಯಾಗ ಚಿತ್ರ ನಿಂತಬಿಟ್ತರಿ ಸರ. ನಾನ ಏನರ ಒತ್ತಿ ಕೆಡಿಸೀನಿ ಅಂತ ಅಂಜಿಕಿ ಬಂತು. ಯಾರಿಗೂ ಹೇಳ್ಲಿಲ್ಲ. ರಾತ್ರಿ ಎಲ್ಲಾ ಇಲ್ಲೇ ನಿಂತೇನ್ರಿ."

ಹೊಟ್ಟೆಯಲ್ಲಿ ಏನೋ ಹಿಂಡಿದ ಹಾಗಾಯ್ತು. ಗೇಟಿನ ಕ್ಯಾಮೆರಾ 239.10.2.1. ಕಾಕಾನ ಕಂಪ್ಯೂಟರ್ ಆಫೀಸಿನ ನೆಟ್‌ವರ್ಕ್‌ನಲ್ಲೇ ಇದೆ, ಆದ್ರೆ ನನ್ನ ಪಟ್ಟಿಯಲ್ಲಿ ಆ ಸಂಖ್ಯೆನೇ ಇಲ್ಲ. ಮತ್ತೆ ನಾನು ನೋಡಿದಾಗ ಹೇಗೆ ಓಡ್ತಿತ್ತು? "ಇನ್ನೂ ಬೇಕಾ?" ಅಂತ ಸಾಮಾನ್ಯವಾಗಿ 125 ಸೆಕೆಂಡಿಗೊಮ್ಮೆ ಪ್ರಶ್ನೆ ಹೋಗುತ್ತೆ. ಎರಡು ಪ್ರಶ್ನೆಯ ಸಮಯಕ್ಕೆ ಇನ್ನೊಂದು 10 ಸೇರಿಸಿ, ಒಟ್ಟು 260 ಸೆಕೆಂಡು ಹಳೇ ಸದಸ್ಯತ್ವ ಉಳಿದಿರುತ್ತೆ. ಕಾಕಾನ ಕಂಪ್ಯೂಟರ್ "ಬೇಕು, ಬೇಕು" ಅಂತ ಉತ್ತರ ಕೊಡ್ತಾನೇ ಇತ್ತು. ನನ್ನ ಪಟ್ಟಿ ಅದನ್ನು ಸದ್ದಿಲ್ಲದೆ ಎಸೀತಾ ಇತ್ತು. ಪರದೆ ಮೇಲೆ ಒಂದು ಎಚ್ಚರಿಕೆಯೂ ಬರಲ್ಲ. ಇನ್ನೊಂದು ನಾಲ್ಕೈದು ನಿಮಿಷ ಕಾದಿದ್ರೆ ನನ್ನ ಕಣ್ಣೆದುರೇ ನಿಂತಿರೋದು. ನಾನು ಬಸ್ಸಿಗೆ ಓಡಿದ್ದೆ.

ಒಂದು ಸಾಲು ಸೇರಿಸಿದೆ. ಚಿತ್ರ ಬಂತು. ಅರ್ಧ ನಿಮಿಷದ ಕೆಲಸ.

ಈಗ ಯಾವುದೇ ಪಟ್ಟಿ ಬರೆಯೋ ಮುಂಚೆ ಯಾವ ಗುಂಪಲ್ಲಿ ಯಾರಿದ್ದಾರೆ ಅಂತ ಒಂದು ಹಗಲು, ಒಂದು ರಾತ್ರಿ ನೋಡ್ತೀನಿ. ಹಗಲಲ್ಲಿ ಕಾಣದವರು ರಾತ್ರಿ ಪಾಳಿಯಲ್ಲಿ ಇರ್ತಾರೆ. ಬರೆದ ಮೇಲೆ ಗಡಿಯಾರ ನೋಡಿ ಐದು ನಿಮಿಷ ಕೂರ್ತೀನಿ.

ಕಾಕಾಗೆ ಹೇಳಿದೆ, ತಪ್ಪು ನಂದು, ನಿಮ್ಮದಲ್ಲ ಅಂತ. ಅವರು ನಂಬಿದ ಹಾಗೆ ಕಾಣಲಿಲ್ಲ.

"ಇರ್ಲಿ ಬಿಡ್ರಿ ಸರ, ಚಾ ಕುಡೀರಿ" ಅಂದ್ರು.