ಪಿನ್ನಿನ ಬೆನ್ನು

ಪಿನ್ನು ಕೈಗೆ ಬಂದರೆ ನಾನು ಮೊದಲು ಮುಖ ನೋಡುವುದಿಲ್ಲ, ಬೆನ್ನು ನೋಡುತ್ತೇನೆ. ಮುಂದೆ ಮಿಕ್ಕಿ ಮೌಸ್ ಎಷ್ಟೇ ಹಲ್ಲು ಕಿರಿಯುತ್ತಿರಲಿ, ಆ ನಗುವಿಗೆ ಮರುಳಾಗುವುದು ಆಮೇಲಿನ ಮಾತು. ಹಿಂದಿನ ಮೊಳೆ ನೆಟ್ಟಗಿದೆಯೇ, ಅಕ್ಷರ ಆಳವಾಗಿ ಕೂತಿದೆಯೇ, ಅಂಚು ಬೆರಳಿಗೆ ತರಚುತ್ತದೆಯೇ, ಇಷ್ಟು ವಿಚಾರಿಸಿಕೊಂಡ ಮೇಲೆ ಮಿಕ್ಕಿಯ ಕ್ಷೇಮಸಮಾಚಾರ.

ಫ್ಲಾರಿಡಾದ ಒರ್ಲ್ಯಾಂಡೊದಲ್ಲಿ ಸಂಸಾರ ಹೂಡಿದವರಿಗೆ ಡಿಸ್ನಿ ವರ್ಲ್ಡ್ ಎಂದರೆ ಬೆಂಗಳೂರಿನವರಿಗೆ ಲಾಲ್‌ಬಾಗ್ ಇದ್ದ ಹಾಗೆ, ನೆಂಟರು ಬಂದಾಗ ಮಾತ್ರ ನೆನಪಾಗುವ ಜಾಗ. ನೆಂಟರಿಲ್ಲದೆಯೂ ನಾನು ಅಲ್ಲಿಗೆ ಹೋಗತೊಡಗಿದ್ದು ಪಿನ್ನಿನ ದೆಸೆಯಿಂದ. ಎರಡು ಬೆರಳಗಲದ ಲೋಹದ ಬಿಲ್ಲೆ, ಮೇಲೆ ಎನಾಮೆಲ್ ಬಣ್ಣ, ಹಿಂದೆ ಚುಚ್ಚಿಕೊಳ್ಳಲು ಮೊಳೆ, ಮೊಳೆಯ ತುದಿಗೆ ಮಿಕ್ಕಿಯ ತಲೆಯಾಕಾರದ ರಬ್ಬರ್ ಬಿರಡೆ. ಅಲ್ಲಿನ ನೌಕರರು ಕೊರಳಿಗೆ ಪಟ್ಟಿ ಹಾಕಿಕೊಂಡು ಅದರ ಉದ್ದಕ್ಕೂ ಪಿನ್ನು ಚುಚ್ಚಿಕೊಂಡಿರುತ್ತಾರೆ. ಕೆಲವು ಕಡೆ ಬೋರ್ಡಿಗೆ ಚುಚ್ಚಿ ಇಟ್ಟಿರುತ್ತಾರೆ. ನಿಮ್ಮದೊಂದು ಕೊಟ್ಟು ಅವರದೊಂದು ತಗೊಳ್ಳಬಹುದು, ದುಡ್ಡಿನ ಮಾತೇ ಇಲ್ಲ. 1999ರ ಅಕ್ಟೋಬರಿನಲ್ಲಿ, ಹೊಸ ಸಹಸ್ರಮಾನದ ಸಂಭ್ರಮದ ನೆಪದಲ್ಲಿ ಇಲ್ಲಿ ಶುರುವಾದ ಪದ್ಧತಿ ಇದು. ಚಟದ ಬೇರು ಇನ್ನೂ ಹಿಂದೆ ಒಲಿಂಪಿಕ್ಸಿನಲ್ಲಿದೆ. 1896ರ ಅಥೆನ್ಸ್ ಕೂಟದಲ್ಲಿ ಆಟಗಾರರು ಯಾರು, ತೀರ್ಪುಗಾರರು ಯಾರು ಎಂದು ತಿಳಿಯಲಿ ಅಂತ ರಟ್ಟಿನ ಬಿಲ್ಲೆ ಕೊಟ್ಟಿದ್ದರಂತೆ. ಮುಂದೆ ಅದು ಲೋಹದ್ದಾಯಿತು, ಒಂದು ದೇಶದವರು ಇನ್ನೊಂದು ದೇಶದವರ ಜೊತೆ ಅದಲುಬದಲು ಮಾಡಿಕೊಳ್ಳುವುದು ರೂಢಿಯಾಯಿತು.

ಇದಕ್ಕೂ ರೀತಿರಿವಾಜು ಇದೆ. ಒಮ್ಮೆಗೆ ಒಂದೇ ಪಿನ್ನು, ಒಬ್ಬ ನೌಕರರ ಬಳಿ ದಿನಕ್ಕೆ ಹೆಚ್ಚೆಂದರೆ ಎರಡು. ಅವರ ಕೊರಳಪಟ್ಟಿಗೆ ನೀವಾಗಿ ಕೈ ಹಾಕುವ ಹಾಗಿಲ್ಲ, ಬೇಕಾದ್ದನ್ನು ತೋರಿಸಬೇಕು. ಬಿರಡೆ ಸಿಕ್ಕಿಸಿಯೇ ಕೊಡಬೇಕು. ಪಿನ್ನು ಲೋಹದ್ದಾಗಿರಬೇಕು, ಬೆನ್ನ ಮೇಲೆ ಡಿಸ್ನಿಯ ಹಕ್ಕುಸ್ವಾಮ್ಯದ ಗುರುತಿರಬೇಕು. ಖೋಟಾ ಮಾಡುವವರು ಬಾಯಿಪಾಠ ಮಾಡಿಕೊಂಡಿರುವುದು ಈ ಕೊನೆಯ ನಿಯಮವನ್ನೇ. ಗುರುತೊಂದನ್ನು ಒತ್ತಿಬಿಟ್ಟರೆ ದಾರಿ ಸಲೀಸು. ಜನ ಮುತ್ತಿಕೊಂಡಿರುವಾಗ ನೌಕರ ಪಾಪ ಭೂತಗನ್ನಡಿ ಹಿಡಿದು ಕೂರಲಾದೀತೇ?

ನಮ್ಮ ಬಳಗದಲ್ಲಿ ಇಂಥ ಪಿನ್ನುಗಳಿಗೆಲ್ಲ ಒಟ್ಟಾಗಿ ಸ್ಕ್ರ್ಯಾಪರ್ ಅನ್ನುತ್ತೇವೆ. ಬಣ್ಣ ಚೆಲ್ಲಿಯೋ ಅಚ್ಚು ಸರಿಯಾಗಿ ಬೀಳದೆಯೋ ಗುಜರಿಗೆ ಹೋಗಬೇಕಾದ ಮಾಲು ಕಾರ್ಖಾನೆಯ ಹಿಂಬಾಗಿಲಿಂದ ಹೊರಬಿದ್ದದ್ದೂ ಇದರಲ್ಲಿ ಸೇರಿತು, ಅಸಲಿಯನ್ನು ಮುಂದಿಟ್ಟುಕೊಂಡು ಬೇರೆ ಅಚ್ಚು ಕೆತ್ತಿ ತೆಗೆದ ಶುದ್ಧ ನಕಲೂ ಸೇರಿತು. ಆನ್‌ಲೈನಿನಲ್ಲಿ ಗೊಂಚಲುಗಟ್ಟಲೆ ಸಿಗುತ್ತವೆ, ಒಂದೊಂದು ಒಂದು ಡಾಲರಿಗೂ ಕಡಿಮೆ. ಅಂಗಡಿಯಲ್ಲಿ ಹತ್ತು ಡಾಲರ್ ದಾಟುವ ಸಾಮಾನು ಆ ಬೆಲೆಗೆ ನೂರರ ಲೆಕ್ಕದಲ್ಲಿ ಬರುತ್ತಿದ್ದರೆ ಬೆನ್ನು ತಿರುಗಿಸಿ ನೋಡುವ ಕಷ್ಟವೂ ಬೇಡ.

ಕಷ್ಟವಿರುವುದು ಬಿಡಿಬಿಡಿಯಾಗಿ ಸಿಕ್ಕಾಗ. ಸುಖವಿರುವುದೂ ಆಗಲೇ.

ಹೋದ ಬೇಸಿಗೆ ರಜೆಯಲ್ಲಿ ಹಾಸನದಿಂದ ಅಣ್ಣನ ಮಗಳು ಬಂದಿದ್ದಳು. ಊಟದ ಮೇಜಿನ ಮೇಲೆ ಎರಡು ಸ್ಟಿಚ್ ಪಿನ್ನು ಇಟ್ಟು ಯಾವುದು ಅಸಲಿ ಹೇಳು ನೋಡೋಣ ಎಂದೆ. ಸ್ಟಿಚ್ ಅಂದರೆ 2002ರಲ್ಲಿ ಬಂದ ಸಿನಿಮಾದ ಆ ನೀಲಿ ಪ್ರಾಣಿ, ಮುಖಕ್ಕಿಂತ ಕಿವಿಯೇ ದೊಡ್ಡದು.

“ಅತ್ತೆ, ಎರಡೂ ಒಂದೇ ಥರ ಇದಾವಲ್ಲ!”

“ಕಣ್ಣು ಮುಚ್ಕೊಂಡು ಉಗುರಾಡಿಸು.”

ಒಂದರ ಮೇಲೆ ಉಗುರು ಎಲ್ಲೂ ತಡೆಯದೆ ಜಾರಿತು. ಇನ್ನೊಂದರ ಕಿವಿಯೊಳಗೆ ಸಣ್ಣದೊಂದು ಗುಳಿಗೆ ಇಳಿಯಿತು. ಗಟ್ಟಿ ಎನಾಮೆಲ್ಲಿನ ಪಿನ್ನಿನಲ್ಲಿ ಲೋಹದ ಗೆರೆಗಳ ನಡುವಿನ ಮನೆಗಳಿಗೆ ಬಣ್ಣ ತುಂಬಿ, ಕಾಯಿಸಿ, ಆಮೇಲೆ ಸಾಣೆ ಹಿಡಿಯುತ್ತಾರೆ. ಗೆರೆಯೂ ಬಣ್ಣವೂ ಒಂದೇ ಮಟ್ಟಕ್ಕೆ ಬಂದು ಕನ್ನಡಿಯ ನುಣುಪು ಬರುತ್ತದೆ. ಅವಸರದ ನಕಲಿಯಲ್ಲಿ ಬಣ್ಣ ಸಾಲದೆ ಒಳಸರಿದಿರುತ್ತದೆ, ಇಲ್ಲವೇ ಗೆರೆ ದಾಟಿ ಪಕ್ಕದ ಮನೆಗೆ ನುಗ್ಗಿರುತ್ತದೆ. ಆ ಸ್ಟಿಚ್ಚಿನ ಕಣ್ಣಿನ ಕಪ್ಪು ಕೆನ್ನೆಯ ನೀಲಿಗೆ ಕೂದಲೆಳೆಯಷ್ಟು ಹರಿದಿತ್ತು. ಹಾಗಂತ ಗುಳಿ ಬಿದ್ದದ್ದೆಲ್ಲ ಖೋಟಾ ಎಂದು ತೀರ್ಪು ಕೊಡುವಂತಿಲ್ಲ. ಬಣ್ಣ ತಗ್ಗಿನಲ್ಲೇ ನಿಲ್ಲುವ ಮೆತು ಎನಾಮೆಲ್ಲಿನಲ್ಲಿ ಅಸಲಿ ಪಿನ್ನೂ ಬರುತ್ತದೆ. ಯಾವ ಪಿನ್ನು ಯಾವ ಜಾತಿಯದು ಎಂದು ಮೊದಲೇ ಗೊತ್ತಿರಬೇಕು. ಕಲಿಯುವುದಕ್ಕೆ ವರ್ಷಗಳು ಹಿಡಿಯುವುದು ಇಲ್ಲೇ.

ಹುಡುಗಿಗೆ ಹುರುಪು ಬಂತು, ತಾನೇ ತಿರುಗಿಸಿದಳು. ಈಚಿನ ಪಿನ್ನುಗಳ ಬೆನ್ನ ತುಂಬ ಪುಟ್ಟ ಪುಟ್ಟ ಮಿಕ್ಕಿ ತಲೆಗಳ ಜಾಲ ಇರುತ್ತದೆ. ಅಸಲಿಯಲ್ಲಿ ಸಾಮಾನ್ಯವಾಗಿ ಆ ಜಾಲ ಅಂಚಿನವರೆಗೂ ಹೋಗಿ, ಅಲ್ಲಿ ಅರ್ಧ ಕಿವಿ, ಇಲ್ಲಿ ಕಾಲು ತಲೆ ಎಂದು ತುಂಡಾಗಿರುತ್ತದೆ. ನಕಲಿಯಲ್ಲಿ ಎಷ್ಟೋ ಸಲ ಸುತ್ತಲೂ ಚೌಕಟ್ಟಿನಂತೆ ಬೋಳು ಅಂಚು ಉಳಿದಿರುತ್ತದೆ. ಮೊಳೆಯ ಪಕ್ಕದಲ್ಲಿ ಪಿನ್ನು ಬಟ್ಟೆಯ ಮೇಲೆ ಗಿರಕಿ ಹೊಡೆಯದಿರಲಿ ಎಂದು ಚಿಕ್ಕ ಉಬ್ಬು ಇರುತ್ತದೆ. ಇದರಲ್ಲಿ ಅದು ಅರ್ಧಕ್ಕೇ ಸವೆದಂತಿತ್ತು. ಕೊನೆಗೆ ಎರಡನ್ನೂ ಎರಡು ಅಂಗೈಯಲ್ಲಿಟ್ಟು ತೂಗಿದಳು. “ಇದು ಹಗುರ ಅತ್ತೆ, ಚಾಕ್ಲೆಟ್ ಕಾಗದ ಥರ!”

ಈ ಎಲ್ಲ ಗುರುತುಗಳೂ ಹಳತಾಗುತ್ತಿವೆ ಎಂಬುದನ್ನೂ ಹೇಳಬೇಕು. ನಾವು ಬೋಳು ಅಂಚು ನೋಡುತ್ತೇವೆಂದು ಅವರಿಗೆ ಗೊತ್ತಾದ ಮೇಲೆ ಅಂಚಿನವರೆಗೂ ಜಾಲ ಒತ್ತುವ ಖೋಟಾಗಳೂ ಬಂದವು. ಒಂದೇ ಲಕ್ಷಣ ಹಿಡಿದು ತೀರ್ಮಾನಕ್ಕೆ ಬರುವವರನ್ನು ಕಂಡರೆ ನನಗೆ ಕೊಂಚ ಅನುಮಾನ. ಹಿಡನ್ ಮಿಕ್ಕಿ ಎಂಬ ಸರಣಿಯಲ್ಲಂತೂ ಎಚ್ಚರ ಹೆಚ್ಚೇ ಬೇಕು. ಚಿತ್ರದ ಮೂಲೆಯಲ್ಲೆಲ್ಲೋ ಸಾಸಿವೆಯಷ್ಟು ಮಿಕ್ಕಿ ತಲೆ ಅಡಗಿರುವ ಈ ಪಿನ್ನುಗಳನ್ನು ನೌಕರರ ಕೊರಳಿನಿಂದ ಬದಲಿಸಿಕೊಂಡು ಪಡೆಯಲಿ ಎಂದೇ ಹೊರತಂದದ್ದು. ಬೇಡಿಕೆ ಅಲ್ಲಿ, ಆದ್ದರಿಂದ ನಕಲೂ ಅಲ್ಲೇ.

ಫ್ಯಾಂಟಸಿ ಪಿನ್ನುಗಳ ಕತೆ ಬೇರೆ. ಅಭಿಮಾನಿಗಳು ತಾವೇ ಚಿತ್ರ ಬರೆದು, ಅಚ್ಚು ಮಾಡಿಸಿ, ಕೆಲವೇ ಕೆಲವು ಹೊಡೆಸಿ ತಮ್ಮತಮ್ಮಲ್ಲೇ ಹಂಚಿಕೊಳ್ಳುತ್ತಾರೆ. ಡಿಸ್ನಿಯ ಅನುಮತಿ ಇಲ್ಲ, ನೌಕರರ ಬಳಿ ಬದಲಾಯಿಸುವಂತೆಯೂ ಇಲ್ಲ. ಆದರೆ ತಾನು ಅಸಲಿ ಎಂದು ಅದು ಎಲ್ಲೂ ಸುಳ್ಳು ಹೇಳುವುದಿಲ್ಲ. ಕಾನೂನು ಎರಡನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸೀತು, ನಾನು ನಿಲ್ಲಿಸಲಾರೆ. ಕೆಲವದರ ಕುಸುರಿ ಕಂಪನಿಯ ಪಿನ್ನಿಗಿಂತ ಚೆನ್ನಾಗಿರುತ್ತದೆ.

ಮನೆ ಸೇರಿದ ಖೋಟಾಗಳನ್ನು ಒಂದು ಬಿಸ್ಕತ್ತಿನ ಡಬ್ಬಿಗೆ ಹಾಕಿಡುತ್ತೇನೆ. ಬೋರ್ಡಿನಿಂದ ಬಂದದ್ದನ್ನು ಬೋರ್ಡಿಗೇ ವಾಪಸು ಕೊಟ್ಟರೇನು ತಪ್ಪು ಎಂದು ಬಳಗದಲ್ಲಿ ವಾದಿಸುವವರಿದ್ದಾರೆ. ಲೆಕ್ಕಕ್ಕೆ ತಪ್ಪಿಲ್ಲ. ಆದರೆ ನನ್ನ ಹಿಂದೆ ಸರದಿಯಲ್ಲಿ ನಿಂತಿರುವುದು ಅಪ್ಪನ ಹತ್ತಿರ ಹಟ ಮಾಡಿ ಅಂಗಡಿಯಲ್ಲಿ ಕೊಂಡ ಅಸಲಿಯನ್ನು ಮುಷ್ಟಿಯಲ್ಲಿ ಹಿಡಿದ ಮಗು. ಅದಕ್ಕೆ ನನ್ನ ಡಬ್ಬಿಯ ಮಾಲನ್ನು ದಾಟಿಸಲು ಮನಸ್ಸು ಬಾರದು.

ಊರಿಗೆ ಹೊರಡುವ ಹಿಂದಿನ ರಾತ್ರಿ ಅಣ್ಣನ ಮಗಳು ಆ ಡಬ್ಬಿಯನ್ನೇ ಕೇಳಿದಳು. ಅಸಲಿಯಲ್ಲಿ ಯಾವುದು ಬೇಕೋ ಆರಿಸ್ಕೋ ಎಂದರೂ ಒಪ್ಪಲಿಲ್ಲ.

“ಅಸಲಿ ಕಳೆದ್ಹೋದ್ರೆ ಅಳ್ಬೇಕಾಗುತ್ತೆ ಅತ್ತೆ. ಇದಾದ್ರೆ ಇಡೀ ಕ್ಲಾಸಿಗೆ ಹಂಚಬಹುದು.”

ಇದು ಖೋಟಾ ಅಂತ ಹೇಳಿಯೇ ಹಂಚಬೇಕು ಎಂದು ಷರತ್ತು ಹಾಕಿ ಕೊಟ್ಟೆ. ಹಾಸನದ ಆ ಶಾಲೆಯಲ್ಲಿ ಈಗ ಮಕ್ಕಳೆಲ್ಲ ಪಿನ್ನಿನ ಮೇಲೆ ಉಗುರಾಡಿಸುತ್ತಿದ್ದಾರಂತೆ.